ಬ್ರಿಟನ್ನಿನ ಶೂನ್ಯ ಬಡ್ಡಿಯ ಕಾರ್ಡು ಮತ್ತು ಉಳಿತಾಯ ಖಾತೆಯ ಲೆಕ್ಕ

ಬ್ರಿಟನ್ನಿಗೆ ಬಂದು ಒಂದೆರಡು ವರ್ಷ ಕಳೆದು, ಬಿಲ್ಲುಗಳನ್ನು ಹೊತ್ತಿಗೆ ಸರಿಯಾಗಿ ಕಟ್ಟಿದ ದಾಖಲೆ ನಮ್ಮ ಹೆಸರಿನಲ್ಲಿ ಬೆಳೆಯುತ್ತಿದ್ದಂತೆ, ಇಂತಿಷ್ಟು ತಿಂಗಳು ಖರೀದಿಗೆ ಬಡ್ಡಿಯೇ ಇಲ್ಲ ಎನ್ನುವ ಕ್ರೆಡಿಟ್ ಕಾರ್ಡುಗಳ ಕೊಡುಗೆ ಬರತೊಡಗುತ್ತದೆ. ಈ ಬಿಟ್ಟಿ ಸಾಲವನ್ನು ಬಳಸಿಕೊಂಡು ಉಳಿತಾಯ ಖಾತೆಯಲ್ಲಿ ಬಡ್ಡಿ ಗಳಿಸುವ ಕ್ರಮಕ್ಕೆ ಇಲ್ಲಿ ‘ಸ್ಟೂಜಿಂಗ್’ ಎಂಬ ಹೆಸರಿದೆ. ಇದು ಕಾನೂನಿಗೆ ವಿರುದ್ಧವಲ್ಲ. ಆದರೆ ಶಿಸ್ತು ತಪ್ಪಿದರೆ ಲಾಭ ನಷ್ಟಕ್ಕೆ ತಿರುಗಲು ಹೆಚ್ಚು ದಿನ ಬೇಕಾಗಿಲ್ಲ.

ಕ್ರಮ ಇಷ್ಟೇ. ದಿನಸಿ, ಪೆಟ್ರೋಲು, ರೈಲಿನ ಪಾಸು ಮುಂತಾದ ಹೇಗೂ ಮಾಡಲೇಬೇಕಾದ ಖರ್ಚನ್ನು ಕಾರ್ಡಿನಲ್ಲಿ ಮಾಡಿ, ಅದಕ್ಕೆಂದು ಸಂಬಳದಲ್ಲಿ ತೆಗೆದಿಟ್ಟ ಹಣವನ್ನು ಅದೇ ದಿನ ಬೇರೊಂದು ಉಳಿತಾಯ ಖಾತೆಗೆ ಹಾಕಬೇಕು. ಪ್ರತಿ ತಿಂಗಳು ಕಾರ್ಡಿನ ಕನಿಷ್ಠ ಕಂತನ್ನಷ್ಟೇ ಕಟ್ಟುತ್ತ ಹೋಗಿ, ಕೊಡುಗೆಯ ಗಡುವು ಮುಗಿಯುವ ಮುನ್ನ ಖಾತೆಯಲ್ಲಿರುವ ಹಣದಿಂದ ಪೂರ್ತಿ ಸಾಲ ತೀರಿಸಬೇಕು. ನಡುವೆ ಹುಟ್ಟಿದ ಬಡ್ಡಿ ನಮ್ಮದು. ಬ್ಯಾಂಕ್ ಆಫ್ ಇಂಗ್ಲೆಂಡಿನ ಮೂಲ ದರ 2020ರ ಮಾರ್ಚಿನಿಂದ 2021ರ ಡಿಸೆಂಬರಿನವರೆಗೆ ಶೇ. 0.1ರಷ್ಟೇ ಇದ್ದಾಗ ಇದರಿಂದ ಹೆಚ್ಚೇನೂ ಗಿಟ್ಟುತ್ತಿರಲಿಲ್ಲ. 2023ರ ಆಗಸ್ಟಿನಲ್ಲಿ ಅದು ಶೇ. 5.25ಕ್ಕೆ ಏರುವ ಹೊತ್ತಿಗೆ ಈ ಲೆಕ್ಕಕ್ಕೆ ಮತ್ತೆ ಅರ್ಥ ಬಂದಿತ್ತು.

ಒಂದು ಉದಾಹರಣೆ ನೋಡೋಣ. ಕಾರ್ಡಿನ ಮಿತಿ 3,000 ಪೌಂಡ್, ಕೊಡುಗೆ 18 ತಿಂಗಳು, ಉಳಿತಾಯದ ಬಡ್ಡಿ ಶೇ. 4 ಎಂದುಕೊಳ್ಳಿ. ತಿಂಗಳಿಗೆ 500ರಂತೆ ಆರು ತಿಂಗಳು ಖರ್ಚು ಮಾಡಿ, ತಿಂಗಳಿಗೆ 30 ಪೌಂಡ್ ಕನಿಷ್ಠ ಕಂತು ಕಟ್ಟುತ್ತ ಬಂದರೆ, ಕೊನೆಗೆ ಕೈಗೆ ಸಿಗುವ ಬಡ್ಡಿ 130 ಪೌಂಡಿನ ಆಸುಪಾಸು. ಅದೇ ಕಾರ್ಡಿನಲ್ಲಿ 2,700 ಪೌಂಡ್ ಬಾಕಿ ಇರುವಾಗ ಕೊಡುಗೆ ರದ್ದಾಗಿ ಶೇ. 24ರ ದರ ಬಿದ್ದರೆ ತಿಂಗಳಿಗೆ 54 ಪೌಂಡ್ ಬಡ್ಡಿ. ಒಂದೂವರೆ ವರ್ಷದ ಗಳಿಕೆ ಮೂರೇ ತಿಂಗಳಲ್ಲಿ ಕರಗಿಹೋಗುತ್ತದೆ.

ಇದು ನನಗೆ ಅನುಭವದಿಂದ ತಿಳಿದ ಮಾತು. ಮೊದಲ ಕಾರ್ಡು ಬಂದ ವಾರವೇ ಡೈರೆಕ್ಟ್ ಡೆಬಿಟ್ (ಕಂತು ಬ್ಯಾಂಕ್ ಖಾತೆಯಿಂದ ತಾನಾಗಿ ಸಂದಾಯವಾಗುವ ಏರ್ಪಾಡು) ಹಾಕಿ ನಿಶ್ಚಿಂತನಾಗಿದ್ದೆ. ಆದರೆ ಅದು ಜಾರಿಗೆ ಬಂದದ್ದು ಎರಡನೆಯ ಸ್ಟೇಟ್‌ಮೆಂಟಿನಿಂದ. ಮೊದಲ ಕಂತು ತಪ್ಪಿ, 12 ಪೌಂಡ್ ದಂಡದ ಜೊತೆಗೆ ಶೂನ್ಯ ಬಡ್ಡಿಯ ಕೊಡುಗೆಯೂ ಕೈತಪ್ಪಿತು. ಆದ್ದರಿಂದ ಡೈರೆಕ್ಟ್ ಡೆಬಿಟ್ ಹಾಕಿದ ಮೇಲೂ ಮೊದಲ ಕಂತನ್ನು ನೀವೇ ಕಟ್ಟಿ, ಅದು ಸಂದಾಯವಾಗಿದೆಯೇ ಎಂದು ಕಣ್ಣಾರೆ ನೋಡಿಕೊಳ್ಳಿ. ಎಟಿಎಮ್‌ನಿಂದ ಈ ಕಾರ್ಡಿನಲ್ಲಿ ನಗದು ತೆಗೆಯಲೇಬೇಡಿ. ನಗದಿಗೆ ಸಾಮಾನ್ಯವಾಗಿ ಶೂನ್ಯ ಬಡ್ಡಿ ಅನ್ವಯಿಸುವುದಿಲ್ಲ, ಮೇಲೆ ಶುಲ್ಕವೂ ಇರುತ್ತದೆ.

ಅರ್ಜಿ ಹಾಕುವ ಮುನ್ನ ಮತದಾರರ ಪಟ್ಟಿಯಲ್ಲಿ ಹೆಸರು ಸೇರಿಸಿಕೊಳ್ಳಿ. ಭಾರತ ಕಾಮನ್‌ವೆಲ್ತ್ ದೇಶವಾದ್ದರಿಂದ ಇಲ್ಲಿ ವಾಸದ ಅನುಮತಿ ಇರುವ ಭಾರತೀಯ ಪ್ರಜೆಗಳಿಗೆ ಮತದಾನದ ಹಕ್ಕಿದೆ. ನಮ್ಮವರಲ್ಲಿ ಅನೇಕರಿಗೆ ಇದು ಗೊತ್ತೇ ಇಲ್ಲ. ವಿಳಾಸ ಖಚಿತಪಡಿಸಿಕೊಳ್ಳಲು ಸಾಲ ಕೊಡುವವರು ನೋಡುವ ದಾಖಲೆಗಳಲ್ಲಿ ಈ ಪಟ್ಟಿಯೂ ಒಂದು. ನೇರ ಅರ್ಜಿಯ ಬದಲು ಮೊದಲು ಅರ್ಹತೆಯ ತಪಾಸಣೆ ಮಾಡಿಸಿದರೆ ನಿಮ್ಮ ಕ್ರೆಡಿಟ್ ಸ್ಕೋರಿಗೆ ಪೆಟ್ಟು ಬೀಳುವುದಿಲ್ಲ.

ತೆರಿಗೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಉಳಿತಾಯದಿಂದ ಬರುವ ಬಡ್ಡಿಯಲ್ಲಿ, ಆದಾಯ ತೆರಿಗೆಯ ಶೇ. 20ರ ದರದವರಿಗೆ ವರ್ಷಕ್ಕೆ 1,000 ಪೌಂಡಿನವರೆಗೆ, ಶೇ. 40ರವರಿಗೆ 500 ಪೌಂಡಿನವರೆಗೆ ತೆರಿಗೆಯಿಲ್ಲ, ಶೇ. 45ರವರಿಗೆ ಈ ವಿನಾಯಿತಿ ಇಲ್ಲ. ಐಎಸ್ಎ (ಇಂಡಿವಿಜುವಲ್ ಸೇವಿಂಗ್ಸ್ ಅಕೌಂಟ್) ಎಂಬ ಉಳಿತಾಯ ಖಾತೆಯ ಬಡ್ಡಿಗೆ ಯಾರಿಗೂ ತೆರಿಗೆಯಿಲ್ಲ.

ಈ ಹಣವನ್ನು ಊರಿನ ಎನ್‌ಆರ್‌ಇ (ಅನಿವಾಸಿ ಭಾರತೀಯರ ರೂಪಾಯಿ) ಠೇವಣಿಗೆ ಕಳಿಸಿದರೆ ಇನ್ನೂ ಹೆಚ್ಚು ಬಡ್ಡಿ ಬರುತ್ತದಲ್ಲ ಎಂದು ಕೇಳುವವರಿದ್ದಾರೆ. ದಯವಿಟ್ಟು ಆ ಆಸೆಗೆ ಬೀಳಬೇಡಿ. ಒಂದು ವರ್ಷಕ್ಕೆ ಮುಂಚೆ ಮುರಿದರೆ ಆ ಠೇವಣಿಗೆ ಬಡ್ಡಿಯೇ ಸಿಗುವುದಿಲ್ಲ. ಸಾಲವಿರುವುದು ಪೌಂಡಿನಲ್ಲಿ, ಹಣವಿರುವುದು ರೂಪಾಯಿಯಲ್ಲಿ ಎಂದಾದಾಗ ವಿನಿಮಯ ದರ ಸ್ವಲ್ಪ ಅಲುಗಿದರೂ ಅಸಲಿಗೇ ಕುತ್ತು. ಹಣ ಇಲ್ಲೇ, ಬೇಕೆಂದಾಗ ತೆಗೆಯಬಹುದಾದ ಖಾತೆಯಲ್ಲೇ ಇರಲಿ.

ಸದ್ಯದಲ್ಲೇ ಮನೆ ಕೊಳ್ಳುವ ಯೋಚನೆಯಿದ್ದವರು ಈ ಗೊಡವೆಗೆ ಹೋಗದಿರುವುದೇ ಒಳ್ಳೆಯದು. ಸಾಲದ ಹಣ ಉಳಿತಾಯ ಖಾತೆಯಲ್ಲಿ ಹಾಗೆಯೇ ಇದ್ದರೂ, ಮಾರ್ಟ್‌ಗೇಜ್ ಕೊಡುವವರ ಕಣ್ಣಿಗೆ ಕಾಣುವುದು ಮಿತಿಯವರೆಗೆ ತುಂಬಿದ ಕಾರ್ಡು. ಉಳಿದವರು ಗಡುವಿನ ತಾರೀಖನ್ನು ಕಂಪನಿಯ ಪತ್ರದಿಂದಲೇ ಬರೆದಿಟ್ಟುಕೊಳ್ಳಿ, ಏಕೆಂದರೆ 18 ತಿಂಗಳು ಸಾಮಾನ್ಯವಾಗಿ ಖಾತೆ ತೆರೆದ ದಿನದಿಂದ ಎಣಿಕೆಯಾಗುತ್ತದೆ, ಮೊದಲ ಖರೀದಿಯ ದಿನದಿಂದಲ್ಲ.