ಉಪ್ಪು ಹಾಕದೆ ಬೇಯಿಸಿದ ಪಕ್ಕೆಲುಬು

ಚೀನಾದ ಸಿಚುವಾನ್ ಕಡೆಯ ಈ ಅಡುಗೆಯನ್ನು ಮೊದಲ ಸಲ ಮಾಡಿದಾಗ ಯಾರೂ ತಿನ್ನಲಿಲ್ಲ. ಎರಡು ಕಿಲೋ ದನದ ಪಕ್ಕೆಲುಬು, ಮೂರು ಗಂಟೆ ಒಲೆ ಮುಂದೆ ನಿಂತದ್ದು, ಕೊನೆಗೆ ಬಾಯಿಗಿಟ್ಟರೆ ಸಮುದ್ರದ ನೀರು. ಮಾಂಸ ತಂದಕೂಡಲೇ ಅರಿಶಿನ, ಉಪ್ಪು ಸವರಿ ಇಡುವುದು ನಮ್ಮ ಮನೆಯ ಪದ್ಧತಿ. ಅದನ್ನೇ ಮಾಡಿದೆ. ಆಮೇಲೆ ದೌಬಾನ್‌ಜಿಯಾಂಗ್ ಅನ್ನುವ ಚೀನೀ ಮೆಣಸಿನ ಗೊಜ್ಜು ಹಾಕಿದೆ, ಅದರ ಮೇಲೆ ಸೋಯಾ ಸಾಸ್ ಸುರಿದೆ. ಮೂರರಲ್ಲೂ ಉಪ್ಪು ಇದೆ ಅನ್ನುವುದು ತಲೆಗೆ ಹೋಗಿದ್ದು ಬಾಯಿಗಿಟ್ಟ ಮೇಲೆ.

ಅಮೆರಿಕದ ಸನ್ನಿವೇಲ್‌ನಲ್ಲಿ ನಮ್ಮ ಪಕ್ಕದ ಮನೆಯ ಹಿರಿಯರು ಅದೇ ಸಿಚುವಾನ್‌ನ ಚೆಂಗ್ಡು ನಗರದವರು. ಅಮ್ಮನ ವಾರಿಗೆಯ ಹೆಂಗಸರನ್ನು ಚೀನೀ ಮಾತಿನಲ್ಲಿ 'ಆಯಿ' ಅನ್ನುತ್ತಾರೆ. ಹೊನ್ನಾವರ ಕಡೆಯಿಂದ ಬಂದ ನನಗೆ ಹೊಸದಾಗಿ ಕಲಿಯಬೇಕಾದ ಶಬ್ದವೇನಲ್ಲ ಅದು. ಆಯಿ ಒಂದು ಚಮಚ ರಸ ಬಾಯಿಗೆ ಹಾಕಿಕೊಂಡು, ಸುಮ್ಮನೆ ಎದ್ದುಹೋಗಿ ನೀರು ಕುಡಿದು ಬಂದು, ಒಂದೇ ಪ್ರಶ್ನೆ ಕೇಳಿದರು: “ದೌಬಾನ್ ಹುರಿದೆಯಾ?”

ಹುರಿದಿರಲಿಲ್ಲ. ಕುದಿಯುವ ನೀರಿಗೆ ನೇರ ಹಾಕಿದ್ದೆ. ಉಪ್ಪಿನ ಹಿಂದೆ ಹಸಿ ಕಾಳಿನ ವಾಸನೆ ಬರುತ್ತಿದ್ದದ್ದು ಅದಕ್ಕೇ.

ದೌಬಾನ್‌ಜಿಯಾಂಗ್ ಅಂದರೆ ಮೆಣಸಿನಕಾಯಿಯನ್ನೂ ಅವರೆಗಿಂತ ದಪ್ಪನೆಯ ಬ್ರಾಡ್ ಬೀನ್ಸ್ ಕಾಳನ್ನೂ ಉಪ್ಪಿನಲ್ಲಿ ಹುಳಿಹಿಡಿಸಿ ಮಾಗಿಸಿದ್ದು. ಹೆಸರಾದದ್ದು ಚೆಂಗ್ಡು ಪಕ್ಕದ ಪೀಶಿಯೆನ್‌ನದು. ಹೆಚ್ಚು ಮಾಗಿದಷ್ಟೂ ಬಣ್ಣ ಕಪ್ಪಿಗೆ ತಿರುಗುತ್ತದೆ, ನನಗೆ ಹಿಡಿಸಿದ್ದೂ ಆ ಕಂದುಗಪ್ಪು ಬಣ್ಣದ್ದೇ. ಸಿಚುವಾನ್ ಪ್ರಾಂತ್ಯಕ್ಕೆ ಉಪ್ಪಿನ ಕೊರತೆ ಯಾವತ್ತೂ ಇರಲಿಲ್ಲವಂತೆ ಅನ್ನುವುದನ್ನೂ ಆಯಿಯೇ ಹೇಳಿದ್ದು. ಅಲ್ಲಿನ ಜಿಗಾಂಗ್ ಊರಿನ ಉಪ್ಪುನೀರಿನ ಬಾವಿಯೊಂದು 1835ರಲ್ಲೇ ಸಾವಿರ ಮೀಟರ್ ಆಳ ಮುಟ್ಟಿತ್ತು. ಆ ನೀರು ಮೇಲೆತ್ತಲು ಎತ್ತು, ಕೋಣಗಳು ರಾಟೆ ಸುತ್ತುತ್ತಿದ್ದವು. ದುಡಿದು ಮುದಿಯಾದವು ಕೊನೆಗೆ ಅಡುಗೆಮನೆಗೆ ಬರುತ್ತಿದ್ದವು. ಅಂಥ ಸೀಮೆಯ ಅಡುಗೆಗೆ ನಾನು ಮೇಲೆ ಉಪ್ಪು ಸವರಿದ್ದೆ!

ಎರಡನೇ ಸಲ ಆಯಿ ನಮ್ಮ ಅಡುಗೆಮನೆಯಲ್ಲೇ ಸ್ಟೂಲ್ ಹಾಕಿಕೊಂಡು ಕೂತರು. ಮಾಂಸಕ್ಕೆ ಏನನ್ನೂ ಸವರಲು ಬಿಡಲಿಲ್ಲ. ಎಲುಬು ಸಮೇತ ಎರಡಂಗುಲದ ತುಂಡುಗಳನ್ನು ತಣ್ಣೀರಲ್ಲಿ ಒಂದು ಗಂಟೆ ನೆನೆಹಾಕಿ, ಮತ್ತೆ ಹೊಸ ತಣ್ಣೀರಲ್ಲೇ ಒಲೆಗಿಟ್ಟೆ. ಕುದಿ ಬರುವಾಗ ಬೂದು ಬಣ್ಣದ ನೊರೆ ದಪ್ಪಗೆ ಎದ್ದಿತು. ಅದನ್ನೆಲ್ಲ ತೆಗೆದು, ತುಂಡುಗಳನ್ನು ಬಿಸಿನೀರಲ್ಲೇ ತೊಳೆದೆ. ತಣ್ಣೀರಿಗೆ ಹಾಕಿದರೆ ಮಾಂಸ ಬಿಗಿಯುತ್ತದೆ ಅಂತ ಆಯಿ ಬೈದಿದ್ದರು.

ಅದೇ ದಪ್ಪ ತಳದ ಪಾತ್ರೆಗೆ ನಾಲ್ಕು ಚಮಚ ಎಣ್ಣೆ, ನಿಂಬೆಗಾತ್ರದ ಕಲ್ಲುಸಕ್ಕರೆ. ಸಣ್ಣ ಉರಿಯಲ್ಲಿ ಅದು ಕರಗಿ ಚಹದ ಬಣ್ಣಕ್ಕೆ ಬಂದಕೂಡಲೇ ಮಾಂಸ ಹಾಕಿ ಹೊರಳಾಡಿಸಿ, ತೆಗೆದಿಟ್ಟುಕೊಂಡೆ. ಅರೆಕ್ಷಣ ತಡವಾದರೂ ಸಕ್ಕರೆ ಕಹಿ.

ಇಷ್ಟಾದ ಮೇಲೆ ದೌಬಾನ್. ಮೂರು ಚಮಚ ತೆಗೆದು ಕತ್ತಿಯಲ್ಲಿ ಸಣ್ಣಗೆ ಕೊಚ್ಚಿ, ಉಳಿದ ಎಣ್ಣೆಗೆ ಹಾಕಿ, ಉರಿ ಕಡಿಮೆ ಮಾಡಿದೆ. ಮೊದಲು ಬರೀ ಗೊಜ್ಜಿನಂತೆ ಎಣ್ಣೆ ಹೀರಿಕೊಂಡು ಕೂತಿತು. ಎರಡು ನಿಮಿಷವಾದರೂ ಏನೂ ಇಲ್ಲ. ಉರಿ ಹೆಚ್ಚಿಸಲು ಹೋದ ನನ್ನ ಕೈಯನ್ನು ಆಯಿ ತಳ್ಳಿದರು. ನಾಲ್ಕನೇ ನಿಮಿಷದ ಹೊತ್ತಿಗೆ ಅಂಚಿನಲ್ಲಿ ಸಣ್ಣ ಸಣ್ಣ ಗುಳ್ಳೆ, ಆಮೇಲೆ ಸುತ್ತಲೂ ಕೆಂಪೆಣ್ಣೆಯ ಗೆರೆ. ವಾಸನೆ ಹಸಿಯಿಂದ ಹುರಿದ ಕಾಳಿಗೆ ತಿರುಗಿತು. ಅಷ್ಟರಲ್ಲಿ ನನಗೆ ನಗು ಬಂತು. ಮಸಾಲೆ ಎಣ್ಣೆ ಬಿಡುವ ತನಕ ನೀರು ಹಾಕಬೇಡ ಅಂತ ನಮ್ಮಮ್ಮ ಎಷ್ಟು ಸಾರಿ ಹೇಳಿಲ್ಲ! ಚೀನೀ ಬಾಟಲಿಯಲ್ಲಿದೆ ಅಂದಮಾತ್ರಕ್ಕೆ ಅದನ್ನು ಸಾಸ್ ಅಂದುಕೊಂಡಿದ್ದೆ. ಅದು ಮಸಾಲೆ.

ಆಮೇಲಿನದು ಸಲೀಸು. ಜಜ್ಜಿದ ಶುಂಠಿ, ಬೆಳ್ಳುಳ್ಳಿ, ಎಂಟು ಒಣಮೆಣಸಿನಕಾಯಿ (ಊರಿಂದ ತಂದ ಬ್ಯಾಡಗಿ ಹಾಕಿದೆ, ಬಣ್ಣಕ್ಕೆ ಅದಕ್ಕಿಂತ ಬೇಕೇ), ಎರಡು ಚಕ್ರಮೊಗ್ಗು, ಒಂದು ತುಂಡು ಚಕ್ಕೆ, ಎರಡು ಪಲಾವ್ ಎಲೆ. ಅರ್ಧ ಲೋಟ ಶಾವೊಶಿಂಗ್ ಅಕ್ಕಿ ವೈನ್, ಎರಡು ಚಮಚ ಸೋಯಾ ಸಾಸ್. ಮಾಂಸ ಮುಳುಗುವಷ್ಟು ಬಿಸಿನೀರು. ಉಪ್ಪಿಲ್ಲ. ಮುಚ್ಚಳ ಮುಚ್ಚಿ, ಅಲ್ಲೊಂದು ಇಲ್ಲೊಂದು ಗುಳ್ಳೆ ಏಳುವಷ್ಟು ಉರಿಯಲ್ಲಿ ಎರಡೂವರೆ ಗಂಟೆ. ದಪ್ಪ ಹೋಳಿನ ಮೂಲಂಗಿಯನ್ನು ಕೊನೆಯ ಅರ್ಧ ಗಂಟೆಗೆ ಸೇರಿಸಿದೆ. ಕುಕ್ಕರಿನಲ್ಲೂ ಒಮ್ಮೆ ಮಾಡಿದ್ದೇನೆ. ಮಾಂಸವೇನೋ ಮುಕ್ಕಾಲು ಗಂಟೆಯಲ್ಲಿ ಬೇಯುತ್ತದೆ, ರಸ ಮಾತ್ರ ತೆಳ್ಳಗೆ ಉಳಿಯುತ್ತದೆ, ಮತ್ತೆ ಮುಚ್ಚಳ ತೆಗೆದು ಬತ್ತಿಸಬೇಕು. ನಿಧಾನಕ್ಕೆ ಬೆಂದಾಗ ಎಲುಬಿನ ಸುತ್ತಲಿನ ನಾರು, ಪೊರೆಯೆಲ್ಲ ಕರಗಿ ತುಟಿಗೆ ಅಂಟುವ ರಸವಾಗುತ್ತದೆ.

ಇನ್ನು ಹ್ವಾಜಿಯಾವ್, ಸಿಚುವಾನ್ ಮೆಣಸು. ಮೆಣಸು ಅಂತ ಹೆಸರೇ ಹೊರತು ಕಾಳುಮೆಣಸಿಗೂ ಅದಕ್ಕೂ ಸಂಬಂಧವಿಲ್ಲ. ನಿಂಬೆಯ ಕುಟುಂಬದ್ದು. ನಿಂಬೆ ಜಾತಿಯ ಗಿಡಗಳಿಗೆ ರೋಗ ತರುತ್ತದೆಂಬ ಭಯದಿಂದ ಅಮೆರಿಕ 1968ರಿಂದ 2005ರವರೆಗೆ ಇದರ ಆಮದನ್ನೇ ನಿಷೇಧಿಸಿತ್ತು. ಒಂದು ಕಾಳು ನಾಲಿಗೆಗಿಟ್ಟೆ. ಹತ್ತು ಸೆಕೆಂಡು ಸುಮ್ಮನಿದ್ದು, ಆಮೇಲೆ ತುಟಿಯೆಲ್ಲ ಜುಮ್ ಅಂತ ಕಂಪಿಸತೊಡಗಿತು. ಆಯಿ ಹೇಳಿದರು: ಖಾರ ಅಂದರೆ 'ಲಾ', ಇದು 'ಮಾ', ಎರಡೂ ಬೇರೆ. ನನಗೆ ವಿವರಣೆ ಬೇಕಿರಲಿಲ್ಲ. ಊರಲ್ಲಿ ಬಂಗಡೆ ಸಾರಿಗೆ ಹಾಕುವ ಜುಮ್ಮನಕಾಯಿ ಇದರದೇ ದಾಯಾದಿ. ಮನೆಯ ಕೊಂಕಣಿಯಲ್ಲಿ ನಾವು ತೆಪ್ಪಳ್ ಅನ್ನುತ್ತೇವೆ. ಅದರ ಹೊಳೆಯುವ ಕಪ್ಪು ಬೀಜವನ್ನು ಅಮ್ಮ ಬಿಸಾಡಿ ಸಿಪ್ಪೆ ಮಾತ್ರ ಇಟ್ಟುಕೊಳ್ಳುತ್ತಿದ್ದರು. ಹ್ವಾಜಿಯಾವ್‌ದೂ ಅಷ್ಟೇ, ಬೀಜ ಬಿದ್ದರೆ ಹಲ್ಲಿಗೆ ಮರಳು ಸಿಕ್ಕಂತೆ. ಒಂದು ಚಮಚ ಸಿಪ್ಪೆಯಲ್ಲಿ ಅರ್ಧ ಮಸಾಲೆಯ ಜೊತೆ ಬೇಯಲು ಹೋಯಿತು. ಇನ್ನರ್ಧ ಹುರಿದು ಕುಟ್ಟಿ ಬಡಿಸುವಾಗ ಮೇಲಿಂದ ಉದುರಿಸಿದೆ. ಜುಮ್ಮು ಬೇಕೆನ್ನುವವರು ಈ ಎರಡನೇ ಅರ್ಧವನ್ನು ಮರೆಯಬಾರದು.

ಆ ರಾತ್ರಿ ತಿನ್ನಲು ಆಯಿ ಬಿಡಲಿಲ್ಲ, ಫ್ರಿಜ್‌ಗೆ ಇಡಿಸಿದರು. ಬೆಳಗ್ಗೆ ಮೇಲೆ ಕಿತ್ತಳೆ ಬಣ್ಣದ ಕೊಬ್ಬು ಬಿಲ್ಲೆಯಂತೆ ಗಟ್ಟಿಯಾಗಿತ್ತು. ಮುಕ್ಕಾಲು ಭಾಗ ಎತ್ತಿ ಬಾಟಲಿಗೆ ಹಾಕಿದೆ, ಮೊಟ್ಟೆ ಹುರಿಯಲು ಅದಕ್ಕೆ ಸಮನಿಲ್ಲ. ಮಧ್ಯಾಹ್ನ ಬಿಸಿ ಮಾಡಿ, ರಸ ಅರ್ಧಕ್ಕೆ ಬತ್ತಿಸಿ, ಅನ್ನದ ಮೇಲೆ ಬಡಿಸಿದೆ. ಮಾಂಸ ಎಲುಬಿನಿಂದ ತಾನಾಗಿ ಜಾರಿತು. ಉಪ್ಪು ಸರಿಯಾಗಿತ್ತು.

ಕಳೆದ ಡಿಸೆಂಬರಿನಲ್ಲಿ ಊರಿಂದ ಬರುವಾಗ ಒಂದು ಹಿಡಿ ಒಣ ಜುಮ್ಮನಕಾಯಿ ತಂದು ಆಯಿಯ ಕೈಗಿಟ್ಟೆ. ಮೂಸಿದರು, ಒಂದನ್ನು ಕಚ್ಚಿದರು, ತುಟಿ ಹಿಡಿದುಕೊಂಡು ನಕ್ಕರು. “ನಿಮ್ಮಲ್ಲಿ ಇದನ್ನು ಮೀನಿಗಾ ಹಾಕೋದು?” ಅಂತ ಕೇಳಿ, ಉಳಿದದ್ದನ್ನು ಟಿಶ್ಯೂ ಪೇಪರಿನಲ್ಲಿ ಕಟ್ಟಿಕೊಂಡು ಮನೆಗೆ ಹೋದರು.