ಮನೆ ಇಲ್ಲದ ಜಾಗಕ್ಕೆ ಪಿನ್ ಹಾಕಿದ್ದು

ರಜೆ ಬಂದರೆ ಊರೂರು ತಿರುಗಿ ನೆನಪಿನ ಫಲಕಗಳನ್ನು ಹುಡುಕುವುದು ನನ್ನ ಹುಚ್ಚು. ಫೋಟೋ ತೆಗೆಯುತ್ತೇನೆ, ಅಕ್ಷರಗಳನ್ನು ಹಾಗೇ ಬರೆದುಕೊಳ್ಳುತ್ತೇನೆ, ಮನೆಗೆ ಬಂದು ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ, ಅಂದರೆ ಯಾರು ಬೇಕಾದರೂ ತಿದ್ದಬಹುದಾದ ಆನ್‌ಲೈನ್ ಭೂಪಟದಲ್ಲಿ, ವಿವರ ತುಂಬುತ್ತೇನೆ. ಕೆಲಸ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ. ಅಲ್ಲಿಂದ ಉಲ್ಮ್‌ಗೆ ರೈಲಿನಲ್ಲಿ ಸುಮಾರು ಒಂದು ಗಂಟೆ. ಐನ್‌ಸ್ಟೈನ್ ಹುಟ್ಟಿದ ಊರು ಇಷ್ಟು ಹತ್ತಿರ ಇದ್ದರೂ ಹೋಗಿರಲಿಲ್ಲ ಅಂದರೆ ನಾಚಿಕೆ, ಅಲ್ವಾ?

ಸ್ಟೇಷನ್‌ನಿಂದ ಹೊರಬಿದ್ದರೆ ಬಾನ್‌ಹೋಫ್‌ಸ್ಟ್ರಾಸೆ. ಅಂದರೆ ರೈಲ್ವೆ ಸ್ಟೇಷನ್ ರಸ್ತೆ, ನಮ್ಮೂರಲ್ಲೂ ಇರುವಂಥದ್ದೇ ಹೆಸರು. ವಾಹನ ಓಡಾಡದ, ಬರೀ ಅಂಗಡಿಗಳ ಬೀದಿ. 1879ರ ಮಾರ್ಚ್ 14ರಂದು ಐನ್‌ಸ್ಟೈನ್ ಹುಟ್ಟಿದ್ದು ಇಲ್ಲೇ. ಮುಂದಿನ ವರ್ಷವೇ ಮನೆಯವರೆಲ್ಲ ಮ್ಯೂನಿಕ್‌ಗೆ ಹೋದರು. ಮನೆ ಮಾತ್ರ ಉಳಿದಿತ್ತು. ಅದೂ 1944ರ ಬಾಂಬ್ ದಾಳಿಯಲ್ಲಿ ಹೋಯಿತು.

ಹಾಗಾಗಿ ಇಲ್ಲಿ ಗೋಡೆಗೆ ಬಡಿದ ಫಲಕವನ್ನು ಹುಡುಕಬೇಡಿ. ಇರುವುದು ಸ್ವಿಸ್ ಕಲಾವಿದ ಮ್ಯಾಕ್ಸ್ ಬಿಲ್ 1982ರಲ್ಲಿ ಮಾಡಿದ ಕಲ್ಲಿನ ಸ್ಮಾರಕ. 24 ಗ್ರಾನೈಟ್ ಕಲ್ಲುಗಳು, 12 ನಿಂತಿವೆ, 12 ಮಲಗಿವೆ. ದಿನದ 24 ಗಂಟೆಗಳ ಲೆಕ್ಕ. ಗೊತ್ತಿಲ್ಲದವರಿಗೆ ಅದು ಕೂತು ಐಸ್‌ಕ್ರೀಮ್ ತಿನ್ನುವ ಕಲ್ಲಿನ ರಾಶಿ. ನಾನು ಹೋದಾಗ ಇಬ್ಬರು ಹಾಗೇ ಕೂತಿದ್ದರು. ಊರಿನ ಇನ್ನೊಂದು ಕಡೆ, 1984ರಲ್ಲಿ ಯೂರ್ಗೆನ್ ಗೋರ್ಟ್ಸ್ ಮಾಡಿದ ಕಾರಂಜಿ ಇದೆ. ಅದರಲ್ಲಿ ಐನ್‌ಸ್ಟೈನ್ ನಾಲಿಗೆ ಚಾಚಿಕೊಂಡಿದ್ದಾರೆ. ಸೆಲ್ಫಿಗೆ ಜನ ಸೇರುವುದೆಲ್ಲ ಅಲ್ಲಿಗೆ. ನನಗೆ ಈ ಮೂಕ ಕಲ್ಲುಗಳೇ ಜಾಸ್ತಿ ಇಷ್ಟವಾದವು.

ಕಲ್ಲಿನ ಅಕ್ಷರದ ಫೋಟೋ ತೆಗೆಯಲು ನನ್ನದು ಒಂದೇ ಉಪಾಯ. ಬೆಳಕು ಎದುರಿನಿಂದ ಬರಬಾರದು, ಪಕ್ಕದಿಂದ ಬರಬೇಕು. ಊರಲ್ಲಿ ಸುಣ್ಣ ಬಳಿದ ವೀರಗಲ್ಲನ್ನು ರಾತ್ರಿ ಹೊತ್ತು ಟಾರ್ಚ್ ಅಡ್ಡ ಹಿಡಿದು ಓದುವುದನ್ನು ಚಿಕ್ಕವನಿದ್ದಾಗ ನೋಡಿದ್ದೆ. ಹಗಲಲ್ಲಿ ಕಾಣದ ಅಕ್ಷರ ನೆರಳಿನಿಂದ ಎದ್ದು ಬರುತ್ತದೆ. ಫ್ಲಾಶ್ ಹಾಕಿದರೆ ಎಲ್ಲ ಚಪ್ಪಟೆ. ನಯ ಮಾಡಿದ ಗ್ರಾನೈಟ್ ಆದರೆ ಇನ್ನೂ ಕಷ್ಟ, ಅಕ್ಷರದ ಬದಲು ನಮ್ಮ ಮುಖವೇ ಕಾಣುತ್ತದೆ. ಆಗ ಕಪ್ಪು ಕೊಡೆ ಬಿಚ್ಚಿ ಅದರ ಮರೆಯಲ್ಲಿ ಓರೆಯಾಗಿ ನಿಲ್ಲುತ್ತೇನೆ. ಬಿಸಿಲಲ್ಲಿ ಕೊಡೆ ಹಿಡಿದವನನ್ನು ಜರ್ಮನ್ನರು ಹೇಗೆ ನೋಡುತ್ತಾರೆ ಅನ್ನುವುದು ಬೇರೆ ಮಾತು.

ಫೋಟೋವನ್ನು ವಿಕಿಮೀಡಿಯ ಕಾಮನ್ಸ್‌ಗೆ, ಅಂದರೆ ಎಲ್ಲರೂ ಬಳಸಬಹುದಾದ ಚಿತ್ರಗಳ ಆನ್‌ಲೈನ್ ಸಂಗ್ರಹಕ್ಕೆ, ಹಾಕುವ ಮುಂಚೆ ಒಂದು ವಿಷಯ ನೋಡಿಕೊಳ್ಳಬೇಕು. ಮ್ಯಾಕ್ಸ್ ಬಿಲ್ ತೀರಿಕೊಂಡಿದ್ದು 1994ರಲ್ಲಿ, ಹಾಗಾಗಿ ಕಲಾಕೃತಿಗೆ ಇನ್ನೂ ಕಾಪಿರೈಟ್ ಇದೆ. ಆದರೆ ಜರ್ಮನಿಯ ಕಾನೂನಿನಲ್ಲಿ, ಬೀದಿಯಲ್ಲಿ ಶಾಶ್ವತವಾಗಿ ಇಟ್ಟ ಕೃತಿಯ ಫೋಟೋವನ್ನು ಬೀದಿಯಲ್ಲೇ ನಿಂತು ತೆಗೆದರೆ ಹಂಚಬಹುದು. ಏಣಿ ಹತ್ತಬಾರದು. ಇದೇ ಕಲ್ಲುಗಳು ಫ್ರಾನ್ಸ್‌ನಲ್ಲಿ ಇದ್ದಿದ್ದರೆ ಕಾಮನ್ಸ್‌ನಲ್ಲಿ ಫೋಟೋ ಉಳಿಯುತ್ತಿರಲಿಲ್ಲ.

ನಾನು ಎಡವಿದ್ದು ಭೂಪಟದಲ್ಲಿ. ಎತ್ತರದ ಕಟ್ಟಡಗಳ ನಡುವೆ ಫೋನಿನ ಜಿಪಿಎಸ್ ಅತ್ತಿತ್ತ ಜಾರುತ್ತದೆ, ಅದು ಗೊತ್ತಿದ್ದದ್ದೇ. ನನ್ನ ತಪ್ಪು ಬೇರೆ. ಪಕ್ಕದ ಅಂಗಡಿ ಕಟ್ಟಡದ ಮೇಲೇ ‘ಐನ್‌ಸ್ಟೈನ್ ಹುಟ್ಟಿದ ಮನೆ’ ಅಂತ ಬರೆದುಬಿಟ್ಟಿದ್ದೆ. ಎರಡೇ ದಿನದಲ್ಲಿ ಯಾರೋ ಕೇಳಿದರು: ಈ ಕಟ್ಟಡ 1879ರಲ್ಲಿ ಇತ್ತೇ? ಇರಲಿಲ್ಲ. ಕಲ್ಲಿನ ಬರಹವೂ ಹಾಗೆ ಹೇಳುವುದಿಲ್ಲ. ಐನ್‌ಸ್ಟೈನ್ ಹುಟ್ಟಿದ ಮನೆ ಇಲ್ಲಿ ಇತ್ತು ಅಂತಷ್ಟೇ ಹೇಳುತ್ತದೆ. ನಾನು ಆ ಜರ್ಮನ್ ಸಾಲನ್ನು ಒಂದಕ್ಷರ ಬಿಡದೆ ನಕಲು ಮಾಡಿದ್ದೆ, ಓದಿರಲಿಲ್ಲ!

ತಿದ್ದಿದೆ. ಅಂಗಡಿಯಿಂದ ಪಿನ್ ತೆಗೆದು ಕಲ್ಲಿನ ಮೇಲೆ ಇಟ್ಟೆ. ‘ಹಿಸ್ಟಾರಿಕ್’ ಅನ್ನುವ ಟ್ಯಾಗ್‌ನಲ್ಲಿ, ಅಂದರೆ ವಿವರ ತುಂಬುವ ಖಾನೆಯಲ್ಲಿ, ‘ಮೆಮೋರಿಯಲ್’, ‘ಇನ್‌ಸ್ಕ್ರಿಪ್ಷನ್’ ಅನ್ನುವಲ್ಲಿ ಕಲ್ಲಿನ ಮಾತು. ಒಂದು ಟ್ಯಾಗ್‌ನಲ್ಲಿ 255 ಅಕ್ಷರಕ್ಕಿಂತ ಹೆಚ್ಚು ಹಿಡಿಸುವುದಿಲ್ಲ, ಇಲ್ಲಿ ಆ ತೊಂದರೆ ಬರಲಿಲ್ಲ. ಕಲ್ಲಲ್ಲಿ ತಪ್ಪಿದ್ದರೂ ಇನ್‌ಸ್ಕ್ರಿಪ್ಷನ್‌ನಲ್ಲಿ ಅದನ್ನು ತಿದ್ದಬಾರದು. ಸರ್ ಎಂ. ವಿಶ್ವೇಶ್ವರಯ್ಯನವರು ಹುಟ್ಟಿದ ವರ್ಷ ಕೆಲವೆಡೆ 1860, ಕೆಲವೆಡೆ 1861 ಅಂತ ಸಿಗುತ್ತದೆ. ಫಲಕದಲ್ಲಿ ಯಾವುದಿದೆಯೋ ಅದನ್ನೇ ಬರೆಯಬೇಕು. ಚರ್ಚೆಗೆ ಬೇರೆ ಜಾಗ ಇದೆ.

ಹಳೆಯ ಹೆಸರಿಗೂ ಒಂದು ಟ್ಯಾಗ್ ಇದೆ, ‘ಓಲ್ಡ್ ನೇಮ್’ ಅಂತ. ಅದರ ನೆಪದಲ್ಲಿ ಒಂದು ಸೊಗಸಾದ ಕಥೆ ಸಿಕ್ಕಿತು. ಉಲ್ಮ್ 1922ರಲ್ಲಿ ಒಂದು ರಸ್ತೆಗೆ ಐನ್‌ಸ್ಟೈನ್ ಹೆಸರಿಟ್ಟಿತ್ತು. 1933ರಲ್ಲಿ ನಾಜಿಗಳು ಬಂದ ಕೂಡಲೇ ಅದನ್ನು ಕಿತ್ತು ತತ್ವಜ್ಞಾನಿ ಫಿಶ್ಟೆಯ ಹೆಸರು ಹಾಕಿದರು. ಯುದ್ಧ ಮುಗಿದ ಮೇಲೆ ಮತ್ತೆ ಐನ್‌ಸ್ಟೈನ್. ಇದನ್ನು ಕೇಳಿ ಅವರು ನಕ್ಕು ಪತ್ರ ಬರೆದರು: ಯಾರ ಹೆಸರೂ ಬೇಡ, ‘ಗಾಳಿಪಟ್ಟಿ ರಸ್ತೆ’ ಅಂತ ಇಡಿ, ಆಗ ಪದೇಪದೇ ಬದಲಿಸುವ ಕಷ್ಟ ಇರುವುದಿಲ್ಲ. ಗಾಳಿಪಟ್ಟಿ ಅಂದರೆ ಗಾಳಿ ಬೀಸಿದತ್ತ ತಿರುಗುವ, ಛಾವಣಿಯ ಮೇಲಿನ ಪಟ್ಟಿ. 1949ರಲ್ಲಿ ಉಲ್ಮ್ ಗೌರವ ಪೌರತ್ವ ಕೊಡಲು ಬಂದಾಗ ನಗಲಿಲ್ಲ, ಬೇಡ ಅಂದರು. ಯೆಹೂದಿಗಳನ್ನು ಕೊಂದ ದೇಶದ ಗೌರವ ಅವರಿಗೆ ಬೇಕಿರಲಿಲ್ಲ.

ಕೊನೆಗೆ ಉಳಿದಿದ್ದು ಕನ್ನಡದ ಹೆಸರು. ‘ಐನ್‌ಸ್ಟೈನ್ ಹುಟ್ಟಿದ ಮನೆ ಇದ್ದ ಜಾಗ’ ಅಂತ ಹಾಕಿದೆ. ಭೂಪಟದಲ್ಲಿ ಇಷ್ಟುದ್ದ ಹೆಸರು ಸರಿಯಾಗಿ ಕಾಣುವುದಿಲ್ಲ, ‘ಐನ್‌ಸ್ಟೈನ್ ಮನೆ’ ಸಾಕು ಅಂದ ಗೆಳೆಯ. ಅವನು ಹೇಳಿದ್ದು ನಿಜ, ಫೋನಿನಲ್ಲಿ ಅದು ಮೂರು ಸಾಲಿಗೆ ಒಡೆಯುತ್ತದೆ. ಇರಲಿ ಅಂತ ಬಿಟ್ಟಿದ್ದೇನೆ.