ಡಿ.ಎಲ್.ಇಡಿ. ತರಗತಿಯಲ್ಲಿ ನಾನು ಕೇಳುವ ಎರಡು ಪ್ರಶ್ನೆ

ಉಡುಪಿಯಲ್ಲಿ ಡಿ.ಎಲ್.ಇಡಿ. (ಪ್ರಾಥಮಿಕ ಶಾಲೆ ಶಿಕ್ಷಕರಾಗುವವರ ಡಿಪ್ಲೊಮಾ) ಓದುವವರಿಗೆ ವಿಜ್ಞಾನ ಬೋಧನೆ ಹೇಳಿಕೊಡುವುದು ನನ್ನ ಕೆಲಸ. ಸಾಂದ್ರೀಕರಣ ಎಂದರೇನು ಅಂತ ಕೇಳಿದರೆ, ಗಾಳಿಯಲ್ಲಿರುವಂಥ ಆವಿ ತಣ್ಣಗಾಗಿ ನೀರಾಗುವುದು ಅಂತ ಎಲ್ಲರೂ ಪಟಪಟ ಹೇಳುತ್ತಾರೆ. ಅದಕ್ಕೇ ನಾನು ವ್ಯಾಖ್ಯೆ ಕೇಳುವುದನ್ನು ಬಿಟ್ಟಿದ್ದೇನೆ. ಏನಾಗಬಹುದು, ಯಾಕೆ ಅಂತ ಮೊದಲು ಬರೆಸುತ್ತೇನೆ, ಆಮೇಲೆ ಮಾಡಿ ನೋಡುತ್ತೇವೆ.

ಪುನರ್ಪುಳಿ ಶರಬತ್ತಿಗೆ ಐಸ್ ಹಾಕಿ ಮೇಜಿನ ಮೇಲಿಡುತ್ತೇನೆ. ನಮ್ಮ ಕರಾವಳಿಯ ಸೆಕೆಗೆ ಸ್ವಲ್ಪ ಹೊತ್ತಲ್ಲೇ ಗ್ಲಾಸಿನ ಹೊರಗೆ ನೀರು ಇಳಿಯುತ್ತದೆ. ಎಲ್ಲಿಂದ ಬಂತು? "ಒಳಗಿಂದ ಮೇಡಂ." ಹಾಗಾದರೆ ಬಿಳಿ ಕರ್ಚೀಫಿನಲ್ಲಿ ಒರೆಸಿ, ಕೆಂಪಾಗಬೇಕಲ್ವಾ? ಆಗುವುದಿಲ್ಲ. ಆದರೂ ಕೆಲವರು ಬಿಡುವುದಿಲ್ಲ, ಬಣ್ಣ ಒಳಗೇ ಉಳಿದು ನೀರು ಮಾತ್ರ ಹೊರಗೆ ಬಂದಿದೆ ಅನ್ನುತ್ತಾರೆ. ಒಳ್ಳೆಯ ವಾದವೇ! ಆಗ ಫ್ರಿಜ್‌ನಲ್ಲಿಟ್ಟ, ಮುಚ್ಚಳ ಬಿಗಿದ ಬಾಟಲಿಯನ್ನು ಡಿಜಿಟಲ್ ತಕ್ಕಡಿ ಮೇಲಿಡುತ್ತೇನೆ. ತೂಕ ನಿಧಾನಕ್ಕೆ ಏರುತ್ತದೆ. ಒಳಗಿನ ನೀರೇ ಹೊರಬಂದಿದ್ದರೆ ತೂಕ ಯಾಕೆ ಜಾಸ್ತಿಯಾಗಬೇಕು? (ಫ್ಲಾಸ್ಕ್ ಬೇಡ, ಅದರ ಹೊರಮೈ ತಣ್ಣಗಾಗುವುದೇ ಇಲ್ಲ.)

ಇನ್ನೊಂದು ಪ್ರಶ್ನೆ, ಬೇಸಿಗೆ ಯಾಕೆ ಬರುತ್ತದೆ? ಇದು ಸುಲಭಕ್ಕೆ ಬಗ್ಗುವುದಿಲ್ಲ. ಸೂರ್ಯ ಹತ್ತಿರ ಬರುತ್ತಾನೆ ಅಂತ ಬರೆಯುವವರೇ ಜಾಸ್ತಿ. ಆದರೆ ಭೂಮಿ ಸೂರ್ಯನಿಗೆ ಅತಿ ಹತ್ತಿರ ಇರುವುದು ಜನವರಿ ಮೊದಲ ವಾರದಲ್ಲಿ, ಸುಮಾರು 14.7 ಕೋಟಿ ಕಿ.ಮೀ. ಉತ್ತರ ಭಾರತ ಚಳಿಗೆ ನಡುಗುವ ಹೊತ್ತು ಅದು. ಅತಿ ದೂರ ಹೋಗುವುದು ಜುಲೈಯಲ್ಲಿ, 15.2 ಕೋಟಿ. ಇದನ್ನು ಹೇಳಿದ ಕೂಡಲೇ ಅಕ್ಷ 23.5 ಡಿಗ್ರಿ ವಾಲಿದೆ ಅಂತ ಯಾರಿಗಾದರೂ ನೆನಪಾಗುತ್ತದೆ, ಆದರೆ ಚಿತ್ರ ಬಿಡಿಸಿ ಅಂದರೆ ವಾಲಿದ್ದರಿಂದ ನಾವು ಸೂರ್ಯನಿಗೆ ಹತ್ತಿರವಾದೆವು ಅಂತಲೇ ಬಿಡಿಸುತ್ತಾರೆ! ಇಡೀ ಭೂಮಿಯ ಅಡ್ಡಗಲವೇ 13 ಸಾವಿರ ಕಿ.ಮೀ.ಗಿಂತ ಕಡಿಮೆ. ಕೋಟಿಗಳ ಮುಂದೆ ಅದು ಯಾವ ಲೆಕ್ಕ?

ಆಗ ಅಂಗಳದಲ್ಲಿ ಒಂದು ಮೀಟರ್ ಕೋಲು ನೆಡಿಸುತ್ತೇನೆ. ಡಿಸೆಂಬರ್ ಕೊನೆಯಲ್ಲಿ ನಡುಹಗಲಿಗೂ ಮುಕ್ಕಾಲು ಮೀಟರ್ ನೆರಳು ಬೀಳುತ್ತದೆ. ಬಿಸಿಲು ಓರೆಯಾದಾಗ ಜಾಸ್ತಿ ಜಾಗಕ್ಕೆ ಹರಡಿ ತೆಳುವಾಗುತ್ತದೆ ಅನ್ನುವುದು ಅಲ್ಲಿ ಕಣ್ಣಿಗೆ ಕಾಣುತ್ತದೆ. ಏಪ್ರಿಲ್ 25ರ ಆಸುಪಾಸಿನಲ್ಲಿ ಉಡುಪಿಯಲ್ಲಿ ನೆರಳೇ ಇರುವುದಿಲ್ಲ, ಅದೂ 12 ಗಂಟೆಗಲ್ಲ, ಸುಮಾರು 12.29ಕ್ಕೆ, ಯಾಕೆಂದರೆ ನಮ್ಮ ಗಡಿಯಾರ ಹೊಂದಿರುವುದು ನಮಗಿಂತ ಪೂರ್ವದ 82.5 ಡಿಗ್ರಿ ರೇಖಾಂಶಕ್ಕೆ. ಏಪ್ರಿಲ್‌ನಲ್ಲಿ ಶಾಲೆಗಳಿಗೆ ರಜೆ, ಆಗಸ್ಟ್‌ನಲ್ಲಿ ನೆರಳಿಲ್ಲದ ದಿನ ಇನ್ನೊಮ್ಮೆ ಬರುವಾಗ ಮೋಡ. ಹಾಗಾಗಿ ಮನೆಯಲ್ಲೇ ನೋಡಿ ಫೋಟೋ ಕಳಿಸಿ ಅನ್ನುತ್ತೇನೆ.

ಈಗ ಅವರ ಪಾಠ ಯೋಜನೆಯಲ್ಲಿ "ಮಕ್ಕಳು ಏನು ಹೇಳಬಹುದು" ಅಂತ ಒಂದು ಕಾಲಂ ಹಾಕಿಸಿದ್ದೇನೆ. ಅದು ಖಾಲಿ ಇದ್ದರೆ ಅಭ್ಯಾಸ ಪಾಠಕ್ಕೆ ಸಹಿ ಹಾಕುವುದಿಲ್ಲ.